ಅಕ್ಕನ ಕಾಯಿ ಹೊಡೆಯುವವರು ಬೇಕಾಗಿದ್ದಾರೆ

ನನ್ನ ಅಕ್ಕನಿಗೆ ಅವಳ ನಾದಿನಿಯಂಥ ವೈರಿ ಇನ್ನೊಬ್ಬಳಿರಲಿಲ್ಲ. ಚೌಕಾಬಾರದ ಮಾತು ಹೇಳುತ್ತಿದ್ದೇನೆ. ನಾದಿನಿ ಗಡಹಿಂಗ್ಲಜ ತಾಲೂಕಿನ ನೂಲಕ್ಕೆ ಮದುವೆಯಾಗಿ ಹೋದವಳು. ಪಂಚಮಿಗೋ ದೀಪಾವಳಿಗೋ ಇಚಲಕರಂಜಿಯ ತವರಿಗೆ ಬಂದಳೆಂದರೆ, ಅವಳು ಚೀಲ ಇಳಿಸುವ ಮೊದಲೇ ಅಕ್ಕ ಫರಸಿಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆಟದ ಮನೆ ಬರೆದಿರುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆ ಅದು, ಸಂಜೆ ಉದ್ದ. ಕವಡೆ ಹಾಕುವುದು, ಹೊಡೆಯಬಾರದ ಕಟ್ಟೆಯ ಮನೆ ಬಿಟ್ಟು ಬೇರೆಲ್ಲಾದರೂ ಎದುರಾಳಿಯ ಕಾಯಿ ಸಿಕ್ಕರೆ ಹೊಡೆದು ಹೊರಗೆ ಕಳಿಸುವುದು, ಆಮೇಲೆ ಜಗಳ. "ಕುಣಿಯಾಕ ಬರಲಾರದಾಕಿ ನೆಲಾ ಡೊಂಕ ಅಂದ್ಲಂತ," ಎಂದು ಅಕ್ಕ. "ನಿಮ್ಮ ಕವಡೀನ ಕಳ್ಳ ಅದಾವ್ರಿ ವೈನಿ," ಎಂದು ನಾದಿನಿ. ಕೆಳಗಿನ ಮಗ್ಗಗಳ ಸದ್ದನ್ನೂ ಮೀರಿಸುತ್ತಿದ್ದರು. ಕೊಲ್ಹಾಪುರದಿಂದ ಹೋದಾಗಲೆಲ್ಲ ನಾನು ನಡುವೆ ಪಂಚಾಯಿತಿ ಮಾಡಿ, ಇಬ್ಬರಿಂದಲೂ ಬೈಸಿಕೊಂಡು ಬರುತ್ತಿದ್ದೆ.

ಆಮೇಲೆ ಅಕ್ಕನಿಗೆ ಕಾಚಬಿಂದು ಆಯಿತು. ಕಣ್ಣಿನೊಳಗೆ ಒತ್ತಡ ಏರುವ ರೋಗ. ನೋವಿಲ್ಲ, ಸುಳಿವಿಲ್ಲ, ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಅವಳಿಗಿನ್ನೂ ನಲವತ್ತಾಗಿರಲಿಲ್ಲ. ಅತ್ತಳು, ಅತ್ತು ಮುಗಿಸಿದಳು. ಗೋಡೆ ಹಿಡಿದು ಮನೆ ಕಲಿತಳು, ಒಲೆ ಕಲಿತಳು, ಮುಟ್ಟಿದರೆ ಮಾತಾಡುವ ಫೋನು ಕಲಿತಳು. ಮುಂದಿನ ಪಂಚಮಿಗೆ ನಾದಿನಿ ಬರುವ ಹೊತ್ತಿಗೆ ನಾನು ರಟ್ಟಿನ ಮೇಲೆ ದಾರ ಅಂಟಿಸಿ, ಬೆರಳಿಗೆ ಸಿಗುವಂಥ ಚೌಕಾಬಾರದ ಪಟ ಮಾಡಿಕೊಟ್ಟೆ. ಅಕ್ಕ ಗೆದ್ದಳು. ಮರುದಿನವೂ ಗೆದ್ದಳು. ಅದರ ಮರುದಿನ ತಲೆನೋವು, ಆಡಲಾರೆ ಎಂದು ಪಟವನ್ನು ಮಂಚದ ಕೆಳಗೆ ತಳ್ಳಿಬಿಟ್ಟಳು.

ನಿಜವಾದ ಕಾರಣವನ್ನು ನನಗೊಬ್ಬಳಿಗೇ ಹೇಳಿದಳು.

"ಕವಡಿ ಎಷ್ಟ ಬಿದ್ದಾವು ನಾ ಮುಟ್ಟಿ ನೋಡ್ತೀನಲ್ಲ? ಆಕಿಗೆ ಮೂರ ಬಿದ್ದಿತ್ತು. ಮೂರನೇ ಮನ್ಯಾಗ ನನ್ನ ಕಾಯಿ ಇತ್ತು. ಹೊಡೀಲಿಲ್ಲ. ಬ್ಯಾರೆ ಕಾಯಿ ನಡಿಸಿದ್ಲು. ಒಮ್ಮೆ ಅಲ್ಲ, ಪ್ರತೀ ಸಲ. ಕಣ್ಣ ಹೋಗಿದ್ದಕ್ಕ ಅತ್ತ ಮುಗಿಸೇನಿ. ಇದನ್ನ ಸಹಿಸಾಕ ಆಗವಲ್ದು ನನಗ."

"ಹಂಗಂತ ಆಕಿಗೇ ಹೇಳು."

"ಹೇಳಿದ್ರ ಹೊಡೀತಾಳ. ನಾ ಕೇಳೀನಿ ಅಂತ ಹೊಡೀತಾಳ. ಅದೂ ಕರುಣಾನ ಆತಲ್ಲ?"

ಅವಳಿಗೆ ಹೋದದ್ದು ಕಣ್ಣು ಮಾತ್ರವಲ್ಲ, ಸರೀಕಳೂ ಹೋಗಿದ್ದಳು.

ನನ್ನ ಹೊಟ್ಟೆಪಾಡೇ ಆಟ ಬರೆಯುವುದು. ಕೊಲ್ಹಾಪುರದಲ್ಲಿ, ಬೆಲ್ಲದ ಮಾರುಕಟ್ಟೆಯ ಹಿಂದೆ, ನಾನೂ ನನ್ನ ಪಾಲುದಾರನೂ ಮಕ್ಕಳು ಕಂಪ್ಯೂಟರ್, ಫೋನುಗಳಲ್ಲಿ ಆಡುವ ಗಣಿತದ ಆಟಗಳನ್ನು ಮಾಡುತ್ತೇವೆ. ಅವನು ಮರಾಠಿಯವನು, ತಣ್ಣಗಿನ ಮನುಷ್ಯ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಣ್ಣಿಲ್ಲದವರು ಆಡುವಂಥ ಚೌಕಾಬಾರ ಮಾಡೋಣ ಎಂದೆ. ಮಾಡೋಣ, ಆದರೆ ಯಾವುದರ ಮೇಲೆ ಎಂದ. ನಮ್ಮ ಕೆಲಸದಲ್ಲಿ ಮೊದಲ ಪ್ರಶ್ನೆಯೇ ಅದು: ಆಡುವವರ ಕೈಯಲ್ಲಿ ಏನಿದೆ? "ಆಧೀ ಕಾಂಪ್ಯೂಟರ್‌ವರ ಕರೂಯಾ," ಮೊದಲು ಕಂಪ್ಯೂಟರಿನ ಮೇಲೆ ಮಾಡೋಣ ಎಂದು ತಾನೇ ತೀರ್ಪನ್ನೂ ಕೊಟ್ಟ. ಕಂಪ್ಯೂಟರಿನ ಗುಂಡಿಗಳು ಬೆರಳಿಗೆ ಸಿಗುತ್ತವೆ, ಪರದೆಯ ಮೇಲಿನದನ್ನು ಓದಿ ಹೇಳುವ ವ್ಯವಸ್ಥೆಯೂ ಇದೆ. ಯಂತ್ರವೇ ಎದುರಾಳಿಯಾಗಲಿ ಎಂದುಕೊಂಡೆ ನಾನು. ಯಂತ್ರಕ್ಕೆ ಎಲ್ಲಿಯ ಕರುಣೆ?

ಅಕ್ಕನನ್ನು ಆಫೀಸಿಗೆ ಕರೆಸಿ ಆಡಿಸಿದೆ. ಯಂತ್ರ ಅವಳ ಕಾಯಿಗಳನ್ನು ಒಂದಾದ ಮೇಲೊಂದು ಹೊಡೆದು ಹಾಕಿತು. ನಾನು ಒಳಗೊಳಗೇ ಹಿಗ್ಗಿದೆ.

"ಹೆಂಗಿತ್ತು?"

"ಚೊಲೋ ಐತಿ. ಸೋತೆ."

"ಸಿಟ್ಟ ಬಂತೇನು?"

"ಮಿಕ್ಸರ್ ಮ್ಯಾಲ ಯಾರರ ಸಿಟ್ಟ ಮಾಡ್ಕೋತಾರೇನವಾ?"

ಸರಿ, ಎದುರಿಗೆ ಮನುಷ್ಯರೇ ಬೇಕು. ಅದರಲ್ಲೂ ನಾದಿನಿಯೇ ಬೇಕು. ಅಕ್ಕನ ಮನೆಯ ಒಂದೇ ಕಂಪ್ಯೂಟರ್ ಕೆಳಗೆ ಮಗ್ಗದ ಆಫೀಸಿನಲ್ಲಿತ್ತು, ಗಂಡಸರ ನಡುವೆ. ನೂಲದ ಮನೆಯಲ್ಲಿ ಅದೂ ಇರಲಿಲ್ಲ. ಹಾಗಾಗಿ ಟಚ್ ಫೋನಿಗೆ ಬಂದೆವು. ನನ್ನ ಜಾಣತನ ನೋಡಿ: ನಮ್ಮ ಕಾಯಿಯ ಸದ್ದು ಎಡಗಿವಿಗೆ, ಎದುರಾಳಿಯದು ಬಲಗಿವಿಗೆ. ಇಯರ್‌ಫೋನ್ ಹಾಕಿಕೊಂಡರೆ ಇಡೀ ಪಟ ಕಣ್ಣಮುಂದೆ ಬಂದಂತೆ. ವಾರದೊಳಗೆ ಅಕ್ಕನ ಫೋನ್ ಬಂತು.

"ನಿನ್ನ ವೈರ್ ತಗದ ಒಗದೇನಿ. ಅತ್ತಿ ಮುಂದ ನಿಂತ ಮಾತಾಡಾಕತ್ತಿದ್ರಂತ, ನನಗ ಗೊತ್ತ ಇಲ್ಲ. ನಿಮಗ ಕಿವಿ ಅಂದ್ರ ಬರೇ ಕಿವಿ. ನಾ ಎರಡೂ ಕಿವಿ ಮುಚ್ಚಿದ್ರ ಎರಡೆರಡ ಸಲ ಕುಡ್ಡಿ ಆದಂಗ."

ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ ನೋಡಿ. ಸದ್ದುಗಳನ್ನೆಲ್ಲ ಒಂದೇ ಕಿವಿಗೆ ಸಾಲುವಂತೆ ತಿದ್ದಿ, ನೂಲಕ್ಕೆ ಫೋನ್ ಮಾಡಿದೆ. ನಾದಿನಿ ನಕ್ಕಳು. ಟಚ್ ಫೋನ್ ಮಗಳ ಜೊತೆ ಗಡಹಿಂಗ್ಲಜದ ಕಾಲೇಜಿಗೆ ಹೋಗುತ್ತದಂತೆ. "ನಂದು ಗುಂಡಿ ಒತ್ತೂ ಡಬ್ಬಾ ಫೋನ್ರಿ ಅಕ್ಕಾರ. ದನದ ಮನ್ಯಾಗ ಬಿದ್ರೂ ಏನೂ ಆಗಂಗಿಲ್ಲ," ಎಂದಳು. ನಾನು ಹಣೆ ಹಣೆ ಚಚ್ಚಿಕೊಂಡೆ.

ಹಾಗೆ ಉಳಿದದ್ದು ಬರೀ ಫೋನ್ ಕಾಲ್. ಇಬ್ಬರೂ ಒಂದೇ ನಂಬರಿಗೆ ಕರೆ ಮಾಡುವುದು. ಗುಂಡಿ ಒತ್ತಿದರೆ ನಮ್ಮ ಯಂತ್ರ ಕವಡೆ ಹಾಕಿ ಎಷ್ಟು ಬಿತ್ತೆಂದು ಹೇಳುತ್ತದೆ. ಯಾವ ಕಾಯಿ ನಡೆಸಬೇಕೋ ಅದರ ಅಂಕಿ ಒತ್ತುವುದು. ನಡುವೆ ಬೇಕಾದಷ್ಟು ಬೈದಾಡಿಕೊಳ್ಳಬಹುದು. ಕನ್ನಡ ಓದುವ ದನಿ ಫೋನಿನಲ್ಲಿ ಇದೆಯೋ ಇಲ್ಲವೋ ಎಂಬ ತಂಟೆಯೂ ಇಲ್ಲ, ನನ್ನ ದನಿಯನ್ನೇ ತುಂಬಿದರೆ ಆಯಿತು. ಪಾಲುದಾರ ಮೂಗು ಮುರಿದ. ಜಗತ್ತೆಲ್ಲ ಮುಂದೆ ಹೋಗುತ್ತಿದ್ದರೆ ನೀನು ಹಿಂದೆ ಹೊರಟಿದ್ದೀಯ ಎಂದ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ, ಹೌದು, ಆ ಎಡವಟ್ಟು ನಾನೇ ಎಂದು ಕೂಗಾಡಿದೆ. ಕೊನೆಗೆ ಅವನು ಒಪ್ಪಿದ್ದು ನನ್ನ ವಾದಕ್ಕಲ್ಲ, ನನ್ನ ಬಾಯಿಗೆ ಹೆದರಿ.

ಒಂದು ಉಪಾಯವನ್ನೂ ಸೇರಿಸಿದ್ದೆ. ಹೊಡೆಯಲು ಕಾಯಿ ಸಿಕ್ಕರೆ ಹೊಡೆಯಲೇಬೇಕು, ಇಲ್ಲವಾದರೆ ಯಂತ್ರ ಮುಂದಕ್ಕೆ ಬಿಡುವುದಿಲ್ಲ. ಅಕ್ಕನಿಗೆ ಹೆಮ್ಮೆಯಿಂದ ಹೇಳಿದೆ. ಅವಳ ಮುಖ ಸಣ್ಣದಾಯಿತು.

"ತಗದ ಹಾಕು ಅದನ್ನ. ಮಷೀನ್ ಹೊಡಸಿದ್ರ ಏನ್ ಬಂತು? ಆಕಿ ಮನಸಿಗೆ ಬಂದ ಹೊಡೀಬೇಕು."

ತೆಗೆದುಹಾಕಿದೆ. ತೆಗೆಯುವಾಗ ಕಣ್ಣಲ್ಲಿ ನೀರು ಬಂತು. ಕಂಪ್ಯೂಟರ್ ಬಿಟ್ಟು ಟಚ್ ಫೋನ್, ಅದನ್ನೂ ಬಿಟ್ಟು ಡಬ್ಬಾ ಫೋನ್ ಅಂತ ಇಷ್ಟು ಅಲೆದು, ಮತ್ತೆ ಆ ಪಂಚಮಿಯ ಸಂಜೆಗೇ ಬಂದು ನಿಂತಿದ್ದೆ. ನಾದಿನಿ ಅಂದೂ ಹೊಡೆದಿರಲಿಲ್ಲ. ಈಗ ಹೊಡೆಯುತ್ತಾಳೆಂದು ಯಾವ ಗ್ಯಾರಂಟಿ?

ಮೊದಲ ಆಟಕ್ಕೆ ಇಚಲಕರಂಜಿಗೆ ಹೋಗಿ ಅಕ್ಕನ ಪಕ್ಕದಲ್ಲಿ ಕೂತೆ. ಫೋನನ್ನು ಸ್ಪೀಕರಿಗೆ ಹಾಕಿದೆವು. ನಾದಿನಿ ಮೊದಮೊದಲು ಮೆಲ್ಲಗೆ ಆಡಿದಳು. "ಎರಡನೇದ್ದು ನಡಸ್ತೀನ್ರಿ ವೈನಿ," "ಆತ್ರಿ ವೈನಿ," ಎಂದು ಆಸ್ಪತ್ರೆಯಲ್ಲಿ ಮಾತಾಡಿದ ಹಾಗೆ. ಅಷ್ಟರಲ್ಲಿ ಅಕ್ಕನಿಗೆ ಚೌಕಾ ಬಿತ್ತು. ನಾದಿನಿಯ ಕಾಯಿಯನ್ನು ಹೊಡೆದೇಬಿಟ್ಟಳು.

"ಕಟ್ಟಿ ಬಿಟ್ಟ ಹೊರಗ ಬರಬಾರ್ದವಾ ತಾಯಿ! ನೂಲದಾಗ ಬರೇ ಸೆಗಣಿ ಬಳ್ಯಾಕ ಕಲಿಸ್ಯಾರೇನು?"

"ಏನಂದ್ರಿ? ತಡೀರಿ ನೀವ!" ಎಂದಳು ನಾದಿನಿ. ಆ ದನಿ ಬೇರೆಯೇ ಇತ್ತು.

ಹೊಡೆದದ್ದಕ್ಕೆ ಸಿಕ್ಕ ಇನ್ನೊಂದು ಸಲವನ್ನು ಅಕ್ಕ ಆಡಿ ಮುಗಿಸಿದ ಮೇಲೆ ನಾದಿನಿಯ ಸರದಿ ಬಂತು. ಮೂರು ಬಿದ್ದಿದೆ, ಒಂದನೆಯ ಕಾಯಿ ನಡೆಸಿದರೆ ಎದುರಾಳಿಯ ಕಾಯಿ ಸಿಗುತ್ತದೆ ಎಂದು ನನ್ನದೇ ದನಿ ಫೋನಿನೊಳಗಿಂದ ಹೇಳಿತು. ಆ ಕಡೆ ಎಲ್ಲೋ ಎಮ್ಮೆ ಒದರಿತು. ಅಕ್ಕ ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾದಿನಿ ಒಂದು ಗುಂಡಿ ಒತ್ತಿದಳು.

"ಹೊಡದ್ನಿ ನೋಡ್ರಿ ವೈನಿ! ಹೋಗ್ರಿ ಮನಿಗೆ, ಹೋಗ್ರಿ!"

ಕೂಗಿದವಳೇ ಸಣ್ಣ ದನಿಗೆ ಇಳಿದಳು. "ತಪ್ಪಾತೇನ್ರಿ? ನಿಮ್ಮ ಮಾರಿ ಎದುರಿಗಿದ್ರ ನನ್ನ ಕೈ ಏಳ್ತಿರಲಿಲ್ರಿ. ಇಲ್ಲಿ ಬರೇ ನಿಮ್ಮ ಬಾಯಿ ಕೇಳಸ್ತೈತಿ. ಆ ಬಾಯಿ ಮದಲಿನಂಗ ಐತ್ರಿ."

ಅಕ್ಕನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಫೋನನ್ನು ಬಾಯಿಯ ಹತ್ತಿರ ತಂದುಕೊಂಡಳು.

"ಇಷ್ಟ ದಿನ ಎಲ್ಲಿ ಹೋಗಿದ್ದಿ, ರಂಡೆ?" ಎಂದಳು. "ಹೊಡದಾಕಿಗೆ ಇನ್ನೊಂದ ಸಲ ಐತಿ. ಹಾಕು."