ಚಂದನಾಳ ಹೆಸರಿನ ಮುಯ್ಯಿ

ರಜೆಗೆ ಊರಿಗೆ ಬಂದಾಗ, ಬೆಳಕು ಹರಿಯುವ ಮುನ್ನ ಚಂದನಾ ಮಾಡಿ ಮುಗಿಸಬೇಕಾದದ್ದು ಇಷ್ಟು: ಕೊಟ್ಟಿಗೆಯ ಸೆಗಣಿ ಬಾಚಿ ತಿಪ್ಪೆಗೆ ಹಾಕಬೇಕು. ಅಂಗಳ ಗುಡಿಸಿ, ನೀರು ಚಿಮುಕಿಸಿ ಎರಡೆಳೆ ರಂಗೋಲಿ ಎಳೆಯಬೇಕು. ನಲ್ಲಿ ಬಂದಿದ್ದರೆ ಕೊಡ ತುಂಬಬೇಕು, ಬರದಿದ್ದರೆ ಬೋರಿನ ಹತ್ತಿರ ಕೊಡ ಪಾಳಿಗಿಟ್ಟು ಬರಬೇಕು. ರಾತ್ರಿಯ ಮುಸುರೆ ತಿಕ್ಕಬೇಕು. ಅಜ್ಜಿಯನ್ನು ಎಬ್ಬಿಸಿ, ಹಿತ್ತಲಿಗೆ ಕರೆದೊಯ್ದು, ಕೈಕಾಲು ತೊಳೆಸಿ ಮತ್ತೆ ಕೂರಿಸಬೇಕು. ಜೋಳದ ಹಿಟ್ಟಿಗೆ ಎಸರು ಹೊಯ್ದು ನಾದಬೇಕು. ರೊಟ್ಟಿ ಬಡಿಯುವುದು ಅವ್ವ ಜಂಬಕ್ಕ, ಹಂಚಿನ ಮೇಲೆ ಬೇಯಿಸುವುದು ಇವಳು. ನಡುವೆ ಅಪ್ಪ ಯರ್ರೆಪ್ಪ ಹಾಸಿಗೆಯಲ್ಲೇ ಒಮ್ಮೆ ಕೆಮ್ಮುತ್ತಾನೆ. ಚಹಾಕ್ಕಿಡಿ ಎಂದು ಅವನು ಬಾಯಿಬಿಟ್ಟು ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿಲ್ಲ. ಕೆಮ್ಮಿದರೆ ಸಾಕು, ಚಹಾ ಬರುತ್ತದೆ.

ಇಷ್ಟೆಲ್ಲ ಮುಗಿದ ಮೇಲೆ ಅವಳು ವಿದ್ಯಾರ್ಥಿ ನಾಯಕಿ.

ಸುಮ್ಮನೆ ಹೇಳುತ್ತಿರುವ ಮಾತಲ್ಲ. ಚಂದನಾ ಓದುತ್ತಿದ್ದದ್ದು ವಿಶ್ವವಿದ್ಯಾಲಯದ ರಾಜಕೀಯ ಮತ್ತು ಆಡಳಿತ ಅಧ್ಯಯನ ಸಂಸ್ಥೆಯಲ್ಲಿ, ಎಂ.ಎ. ಮೊದಲ ವರ್ಷ. ತರಗತಿ ಪ್ರತಿನಿಧಿಯ ಚುನಾವಣೆಯಲ್ಲಿ ಇಬ್ಬರು ಹುಡುಗರನ್ನು ಸೋಲಿಸಿದ್ದಳು. ಹಾಸ್ಟೆಲಿನ ನೀರಿನ ಟ್ಯಾಂಕು ತೊಳೆಸಿದ್ದೂ ಅವಳೇ, ರಾತ್ರಿ ಗ್ರಂಥಾಲಯದಿಂದ ಹುಡುಗಿಯರು ಬರುವ ದಾರಿಗೆ ದೀಪ ಹಾಕಿಸಿದ್ದೂ ಅವಳೇ. ಮುಂದಿನ ವರ್ಷ ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕೆಂಬುದು ಅವಳ ಆಸೆ. ಸಂಸ್ಥೆ ಹುಟ್ಟಿದಾಗಿನಿಂದ ಆ ಕುರ್ಚಿಯಲ್ಲಿ ಹುಡುಗಿ ಕುಳಿತಿರಲಿಲ್ಲ.

ನಿಲ್ಲಬೇಕಾದರೆ ಒಂದು ನಿಯಮವಿತ್ತು. ಬೇಸಿಗೆ ರಜೆಯಲ್ಲಿ ಯಾರಾದರೂ ರಾಜಕೀಯ ನಾಯಕರ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮಾಡಬೇಕು, ಅಲ್ಲಿ ಒಂದು ಕಾರ್ಯಕ್ರಮವನ್ನು ತಾನೇ ಯೋಜಿಸಿ ನಡೆಸಬೇಕು, ಕೊನೆಗೆ ಬೆಂಗಳೂರಿನಲ್ಲಿ ಎರಡು ವಾರದ ಶಿಬಿರ ಮುಗಿಸಬೇಕು. ಜೊತೆಯ ಹುಡುಗರು ರಾಜಧಾನಿಯ ಕಚೇರಿಗಳಿಗೆ ಅರ್ಜಿ ಹಾಕಿದರು. ಚಂದನಾ ಮಾತ್ರ ಹಗರಿಬೊಮ್ಮನಹಳ್ಳಿಯನ್ನು ಕೇಳಿ ಪಡೆದಳು. ತನ್ನೂರು ಇಟ್ಟಿಗಿಯಿಂದ ಬಸ್ಸಿನಲ್ಲಿ ದಿನಾ ಹೋಗಿ ಬರಬಹುದು, ರಜೆಯಲ್ಲಾದರೂ ಅವ್ವನಿಗೆ ಒಂದು ಕೈ ಸಿಗುತ್ತದೆ ಎಂಬ ಲೆಕ್ಕ. ಹುಡುಗರು ಅರ್ಜಿ ತುಂಬುವಾಗ ಯಾರ ಮನೆಯ ಕೊಟ್ಟಿಗೆಯೂ ಅವರ ಕಣ್ಣ ಮುಂದೆ ಬಂದಿರಲಿಕ್ಕಿಲ್ಲ.

ನಾಯಕರ ಹೆಸರು ಚೌಡಣ್ಣ. ಹಿಂದೆ ಜಿಲ್ಲಾ ಪಂಚಾಯಿತಿಯಲ್ಲಿದ್ದವರು, ಮುಂದೆ ವಿಧಾನಸಭೆಯ ಟಿಕೆಟ್ಟಿನ ಮೇಲೆ ಕಣ್ಣಿಟ್ಟವರು. ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ. ಅದನ್ನು ನೋಡಿಕೊಳ್ಳುತ್ತಿದ್ದವನು ಅಮರೇಶ್. ಇಸ್ತ್ರಿ ಮುರಿಯದ ಬಿಳಿ ಅಂಗಿ, ಎರಡು ಫೋನು, ನಗುನಗುತ್ತಲೇ ಮಾತಾಡುವ ಮನುಷ್ಯ. ಚಂದನಾ ತನ್ನ ಕಾರ್ಯಕ್ರಮದ ಯೋಜನೆಯನ್ನು ಅವನ ಮೇಜಿನ ಮೇಲಿಟ್ಟಳು: ಮಹಿಳಾ ನಾಯಕತ್ವ ಸಮಾವೇಶ. ಪಂಚಾಯಿತಿಯ ಹೆಣ್ಣು ಸದಸ್ಯರು, ಸ್ವಸಹಾಯ ಸಂಘದವರು, ಕಾಲೇಜು ಹುಡುಗಿಯರು ಒಂದು ದಿನ ಕೂತು ಮಾತಾಡಬೇಕು.

ಅಮರೇಶ್ ಓದುತ್ತಾ ಓದುತ್ತಾ ಊಟದ ವ್ಯವಸ್ಥೆ ಬರೆದಿದ್ದ ಸಾಲಿಗೆ ಬಂದು ನಿಂತ. ಚಂದನಾ ಅಲ್ಲಿ ‘ಸ್ಥಳೀಯ ಮಹಿಳೆಯರ ಸ್ವಯಂಸೇವೆಯಿಂದ’ ಎಂದು ಬರೆದಿದ್ದಳು. ಹಾಗೆ ಬರೆದರೆ ಹೆಂಗಸರ ಪಾಲುಗೊಳ್ಳುವಿಕೆ ಹೆಚ್ಚಾಗಿ ಕಾಣುತ್ತದೆ ಎಂದು ತರಗತಿಯಲ್ಲಿ ಕಲಿತಿದ್ದಳು. ಯಾವ ಮಹಿಳೆ, ಯಾವ ಒಲೆ ಎಂದು ಯೋಚಿಸಿರಲಿಲ್ಲ.

“ಏನ್ ತೆಲಿರೀ ನಿಮ್ದು!” ಎಂದ ಅಮರೇಶ್. “ನಮಗ ಇದು ಹೊಳದss ಇರ್ಲಿಲ್ಲ ನೋಡ್ರಿ. ಅಡಿಗಿ ಕಾಂಟ್ರ್ಯಾಕ್ಟಿನೋನಿಗೆ ಹೇಳೋದ ತಪ್ಪಿತು. ಆ ಕೆಲಸ ನನಗ ಬಿಡ್ರಿ, ನೀವು ಸ್ಟೇಜ್ ನೋಡ್ಕೊಳ್ರಿ.”

ಚಂದನಾ ಸ್ಟೇಜ್ ನೋಡಿಕೊಂಡಳು. ಸಮಾವೇಶದ ಹಿಂದಿನ ದಿನವೇ ಹೋಗಿ ಗೆಳತಿ ಅಸ್ಫಿಯಾಳ ಮನೆಯಲ್ಲಿ ಉಳಿದುಕೊಂಡಳು. ಕಲ್ಯಾಣ ಮಂಟಪಕ್ಕೆ ಬ್ಯಾನರು ಕಟ್ಟಿಸಿದಳು, ಭಾಷಣಕಾರರಿಗೆ ಸಮಯ ಹಂಚಿದಳು, ಚೌಡಣ್ಣನವರ ಭಾಷಣವನ್ನೂ ತಾನೇ ಬರೆದುಕೊಟ್ಟಳು. ಅದರಲ್ಲಿ ಮನೆಗೆಲಸಕ್ಕೆ ಬೆಲೆ ಕಟ್ಟದ ಸಮಾಜದ ಬಗ್ಗೆ ಎರಡು ಒಳ್ಳೆಯ ಸಾಲುಗಳಿದ್ದವು.

ಚೌಡಣ್ಣ ಆ ಸಾಲುಗಳನ್ನು ಗಂಟಲೆತ್ತಿ ಓದಿದರು. ಮುಂದಿನ ಸಾಲುಗಳಲ್ಲಿ ಕೂತಿದ್ದ ಕಾರ್ಯಕರ್ತರು ಚಪ್ಪಾಳೆ ತಟ್ಟಿದರು. ಎಲ್ಲರೂ ಗಂಡಸರು. ಹೆಂಗಸರಿಗೆಂದು ಬಿಟ್ಟಿದ್ದ ಕುರ್ಚಿಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಫೋಟೋದವನು ಅಮರೇಶನ ಕಿವಿಯಲ್ಲಿ ಏನೋ ಅಂದ. ಅಮರೇಶ್ ದಡದಡ ಮಂಟಪದ ಹಿಂಬಾಗಿಲಿಗೆ ಹೋದ. ಹೆಂಗಸರ ಬಸ್ಸೇನಾದರೂ ತಡವಾಯಿತೋ ಎಂದು ಚಂದನಾ ಅವನ ಹಿಂದೆಯೇ ಹೋದಳು.

ಹಿತ್ತಲಲ್ಲಿ ತಗಡಿನ ಚಪ್ಪರ. ಮೇ ತಿಂಗಳ ಬಿಸಿಲು ತಗಡಿನ ಮೇಲೆ, ಸಾಲು ಒಲೆ ತಗಡಿನ ಕೆಳಗೆ. ಹೊಗೆಯಲ್ಲಿ ಮೊದಲು ಬರೀ ಸೀರೆಗಳು ಕಂಡವು. ತಟಪಟ ತಟಪಟ ರೊಟ್ಟಿ ಬಡಿಯುವ ಸದ್ದು. ಅಮರೇಶ್ ಚಪ್ಪಾಳೆ ತಟ್ಟಿ ಕೂಗಿದ:

“ಯವ್ವಗಳ್ರಾ, ಒಳಗ ಹೆಂಗಸ್ರು ಕಮ್ಮಿ ಬಿದ್ದಾರ. ಒಲಿ ಸಣ್ಣಗ ಮಾಡಿ ಒಂದ್ ಹತ್ತ್ ನಿಮಿಷ ಬಂದು ಕುಂದರ್ರಿ, ಫೋಟೋ ಹೊಡಸಾದೈತಿ. ಆಮ್ಯಾಲ ಬಂದು ಬಡೀರಂತ!”

“ಕೈ ತೊಳಕೊಂಡ್ ಬರಬೇಕೇನಪ್ಪ, ಹಿಂಗss ಬರಬೇಕ?” ಎಂದು ಒಬ್ಬಳು ಕೇಳಿದಳು. ಉಳಿದವರು ನಕ್ಕರು.

ಆ ದನಿ ಚಂದನಾಳಿಗೆ ಗೊತ್ತಿತ್ತು. ಅದು ಪಕ್ಕದ ಮನೆಯ ಗೀತಮ್ಮ. ಅವಳ ಬದಿಗೆ ಶಿವಮ್ಮ. ಮೂಲೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದದ್ದು ಪೀರ್ ಬೀ. ಎಲ್ಲ ಅವಳ ಓಣಿಯವರೇ. ಎಲ್ಲರಿಗಿಂತ ಆಚೆ, ದೊಡ್ಡ ಹಂಚಿನ ಮುಂದೆ, ಬಲಗೈಯ ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದವಳು ಜಂಬಕ್ಕ.

ಮೈಕಿನಲ್ಲಿ ಚೌಡಣ್ಣ ಅವಳೇ ಬರೆದ ಮಾತನ್ನು ಎರಡನೇ ಸಲ ಓದುತ್ತಿದ್ದರು. ಬಹುಶಃ ಸಾಲು ತಪ್ಪಿತ್ತು.

“ಯವ್ವಾ... ನೀ ಇಲ್ಲಿ?”

ಜಂಬಕ್ಕ ತಲೆಯೆತ್ತಿ, ಬೆವರಿನ ಮುಖದ ತುಂಬ ನಕ್ಕಳು. “ಬಂದ್ಯಾ? ನಿನಗ ಹೇಳಬ್ಯಾಡ ಅಂದಿದ್ನೆ ಇವ್ರಿಗೆ. ಆ ಆಫೀಸಿನಪ್ಪ ಫೋನ್ ಮಾಡಿದ್ದ, ನಿಮ್ ಚಂದನಾಂದು ಕಾರ್ಯಕ್ರಮ, ರೊಟ್ಟಿ ಆಗಬೇಕು ಅಂತ. ಬೆಳಗಾಗೂದ್ರಾಗ ಟ್ರ್ಯಾಕ್ಟರ್ ಕಳಿಸಿದ್ದ. ನಿನ್ನ ಹೆಸರು ಹೇಳಿದ ಮ್ಯಾಲ ಹೆಂಗ ಇಲ್ಲ ಅನ್ನಾದು?”

“ಕೈಗೇನಾತು?”

“ಏನಾಗಿಲ್ಲ. ಬಡದೂ ಬಡದೂ ಸ್ವಲ್ಪ ಬಾತೈತಿ. ನೀ ಒಳಗ ಹೋಗು, ಇಲ್ಲಿ ಹೊಗಿ. ಹೊಸ ಸೀರಿ ಕೆಡ್ತೈತಿ.”

ಆ ಹೊತ್ತಿಗೆ ಅಮರೇಶ್ ಅವರನ್ನೆಲ್ಲ ಎಬ್ಬಿಸಿಕೊಂಡು ಹೊರಟಿದ್ದ. ಹಿಟ್ಟಿನ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೆಂಗಸರು ಕುರ್ಚಿಗಳಲ್ಲಿ ಕೂತರು. ಫೋಟೋ ಆಯಿತು. ಮತ್ತೆ ಒಲೆಗೆ ಹೋದರು. ಮಾತಾಡಲು ಅವರಲ್ಲಿ ಯಾರಿಗೂ ಕರೆ ಬರಲಿಲ್ಲ. ಯಾರ್‍ಯಾರು ಮಾತಾಡಬೇಕೆಂದು ಬರೆದಿದ್ದವಳು ಚಂದನಾ. ಅಲ್ಲಿ ಗೀತಮ್ಮನ ಹೆಸರೂ ಇರಲಿಲ್ಲ, ಪೀರ್ ಬೀಯ ಹೆಸರೂ ಇರಲಿಲ್ಲ.

ಸಂಜೆ ಅದೇ ಟ್ರ್ಯಾಕ್ಟರಿನಲ್ಲಿ ಅವಳೂ ಊರಿಗೆ ಹೊರಟಳು. ಟ್ರೇಲರಿನಲ್ಲಿ ಕೂತು ಶಿವಮ್ಮ ಚೌಡಣ್ಣನವರ ಭಾಷಣವನ್ನು ಅಣಕಿಸಿ ತೋರಿಸಿದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಂದನಾ ಮಾತ್ರ ಅವ್ವನ ಬಾತ ಕೈಯನ್ನೇ ನೋಡುತ್ತಿದ್ದಳು. ಊರು ಹತ್ತಿರ ಬಂದಾಗ ಗೀತಮ್ಮ ಅವಳ ತೊಡೆ ತಟ್ಟಿದಳು.

“ಏನಲೇ ಚಂದನಾ, ಮುಖ ಯಾಕ ಹಂಗ ಮಾಡಿ? ನಿನ್ನ ಮದಿವಿಗೆ ಬಡದಂಗ ಬಡದೀವಿ. ಮುಯ್ಯಿ ನೆಪ್ಪಿರ್ಲಿ ಮತ್ತ!”

“ಮುಯ್ಯಿ?” ಎಂದಳು ಚಂದನಾ.

ಇಟ್ಟಿಗಿಯ ಹೆಂಗಸರ ನಡುವೆ ಮುಯ್ಯಾಳಿನ ರೂಢಿಯಿದೆ. ಇವತ್ತು ನನ್ನ ಹೊಲದ ಕಳೆಗೆ ನೀನು ಬಂದರೆ, ನಾಳೆ ನಿನ್ನ ಹೊಲಕ್ಕೆ ನಾನು. ಮದುವೆ ಮನೆಯ ರೊಟ್ಟಿಗೂ ಅದೇ, ಬೇಸಿಗೆಯ ಶ್ಯಾವಿಗೆಗೂ ಅದೇ. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದಿಲ್ಲ. ದುಡ್ಡು ಕೊಟ್ಟು ತೀರಿಸಲು ಹೋದರೆ ಅವಮಾನ. ಮೈ ಬಗ್ಗಿಸಿ ಬಂದವಳಿಗೆ ಮೈ ಬಗ್ಗಿಸಿಯೇ ತೀರಿಸಬೇಕು. ಆ ದಿನ ಅವರು ಬಂದದ್ದು ಚೌಡಣ್ಣನ ಸಭೆಗೆ ಅಲ್ಲ, ಪಕ್ಷಕ್ಕೂ ಅಲ್ಲ. ಚಂದನಾಳ ಹೆಸರಿಗೆ. ಓಣಿಯ ಅರ್ಧಕ್ಕರ್ಧ ಮನೆಗಳಿಗೆ ಒಂದೊಂದು ದಿನದ ದುಡಿಮೆ ಅವಳ ಹೆಸರಿನಲ್ಲಿ ಬಾಕಿ ಬಿದ್ದಿತ್ತು.

ಮರುದಿನ ಅವಳು ಅಮರೇಶನ ಮುಂದೆ ನಿಂತು, ಆ ಹೆಂಗಸರಿಗೆ ಕೂಲಿ ಕೊಡಿ ಎಂದಳು.

ಅಮರೇಶ್ ನಕ್ಕ. “ಸ್ವಯಂಸೇವೆ ಅಂತ ಬರ್ದೋರು ಯಾರ್‍ರೀ? ನಾವೇನ್ ಬಲವಂತ ಮಾಡೀವೇನು? ನಗನಗತಾ ಬಂದ್ರು, ನಗನಗತಾ ಹೋದ್ರು. ಸಾಹೇಬ್ರು ನಿಮ್ಮ ಬಗ್ಗೆ ಸಂಸ್ಥೆಗೆ ಬಾಳ ಚಲೋ ಹೇಳ್ಯಾರ. ಅದನ್ಯಾಕ ಕೆಡಿಸ್ಕೊಂತೀರಿ?”

ಚಲೋ ಹೇಳಿದ್ದು ನಿಜವಾಗಿತ್ತು. ಅದೇ ವಾರ ಸಂಸ್ಥೆಯ ಮೇಡಂ ಫೋನು ಮಾಡಿದರು. “ಚಂದನಾ, ಈ ಬೇಸಿಗೆಯ ಅತ್ಯುತ್ತಮ ಕಾರ್ಯಕ್ರಮ ನಿನ್ನದೇ ಕಣಮ್ಮ. ಬೆಂಗಳೂರಿನ ಶಿಬಿರದಲ್ಲಿ ಎಲ್ಲರ ಮುಂದೆ ನೀನು ಅದನ್ನು ಮಂಡಿಸಬೇಕು. ಆ ಫೋಟೋ ಇದೆಯಲ್ಲ, ಹೆಂಗಸರ ಕೈಯಲ್ಲಿ ಇನ್ನೂ ಹಿಟ್ಟು ಅಂಟಿಕೊಂಡಿದೆ, ಎಷ್ಟು ಸಹಜವಾಗಿದೆ! ಅದನ್ನೇ ಮೊದಲು ತೋರಿಸು. ಇನ್ನು ಅಧ್ಯಕ್ಷ ಸ್ಥಾನಕ್ಕೆ ನಿನ್ನನ್ನು ಯಾರೂ ತಡೆಯುವುದಿಲ್ಲ. ಶಿಬಿರ ಮಾತ್ರ ತಪ್ಪಿಸಬೇಡ, ತಪ್ಪಿಸಿದರೆ ನಿಲ್ಲೋಕೆ ಆಗಲ್ಲ.”

ಫೋನು ಇಟ್ಟ ಮೇಲೂ ಚಂದನಾಳ ಕಿವಿಯಲ್ಲಿ ಆ ‘ಸಹಜ’ ಎಂಬ ಮಾತೇ ಉಳಿಯಿತು. ಮೇಡಂ ಒಳ್ಳೆಯವರು. ಮೇಡಂ ಸ್ತ್ರೀವಾದದ ಪಾಠ ಮಾಡುವವರು. ತಾನೂ ಅವರ ಜಾಗದಲ್ಲಿದ್ದರೆ ಆ ಫೋಟೋವನ್ನು ಹಾಗೇ ನೋಡುತ್ತಿದ್ದೆ ಎಂಬುದೂ ಅವಳಿಗೆ ಹೊಳೆಯಿತು.

ಶಿಬಿರಕ್ಕೆ ಹೊರಡಬೇಕಾದ ವಾರವೇ ಮೊದಲ ಮಳೆ ಬಿತ್ತು. ಎರಡನೇ ದಿನದ ಸಂಜೆಯೇ ಗೀತಮ್ಮ ಬಾಗಿಲಲ್ಲಿ ನಿಂತಳು. “ಜಂಬಕ್ಕ, ನಾಳಿಂದ ಮೆಕ್ಕಿಜೋಳ ಹಾಕಾದೈತಿ. ಆಳು ಸಿಗವಲ್ವು. ಮೊದಲ ಮುಯ್ಯಿ ನಂದss ಇಟ್ಕೊ.”

“ಬರ್ತೀನಿ ತಗಾ,” ಎಂದಳು ಜಂಬಕ್ಕ. ಆ ಬಲಗೈಯಲ್ಲಿ ಅವಳಿಗೆ ತಂಬಿಗೆಯನ್ನೂ ಸರಿಯಾಗಿ ಹಿಡಿಯಲು ಆಗುತ್ತಿರಲಿಲ್ಲ.

ಗೀತಮ್ಮ ಹೋದ ಮೇಲೆ ಚಂದನಾ ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತಳು. “ಅದು ನನ್ನ ಮುಯ್ಯಿ.”

“ನಿಂದೇನು ನಂದೇನು. ನೀ ಬೆಂಗಳೂರಿಗೆ ಹೋಗು. ನಾ ಒಬ್ಬೊಬ್ಬರದss ತೀರಸ್ತೀನಿ, ಮಳಿಗಾಲ ಮುಗಿಯೂದ್ರಾಗ ಆಕೈತಿ.”

“ನಮ್ಮ ಹೊಲ? ಎಮ್ಮಿ? ಅಜ್ಜಿ? ಆ ಕೈಲೆ?”

“ಇಷ್ಟ್ ದಿನ ಆಗೈತಲ್ಲ, ಹಂಗss ಆಕೈತಿ.”

ಚಂದನಾ ಕಟ್ಟೆಯ ಮೇಲಿದ್ದ ಅಪ್ಪನ ಕಡೆ ತಿರುಗಿದಳು. “ಯಪ್ಪಾ, ನೀ ಹೋಗ್ತಿಯೇನು ಗೀತಮ್ಮನ ಹೊಲಕ್ಕ?”

ಯರ್ರೆಪ್ಪ ತಮಾಷೆಯೆಂದುಕೊಂಡ. “ಹೆಂಗಸ್ರ ಮುಯ್ಯಿಗೆ ಗಂಡಸು ಹೋದ್ರ ಊರಾಗ ನಗತಾರಲೇ ಹುಚ್ಚಿ. ನಿಮ್ಮವ್ವ ಅದಾಳಲ್ಲ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕೆಟ್ಟತನವೂ ಇರಲಿಲ್ಲ. ಬಾವಿಯಲ್ಲಿ ನೀರಿದೆ ಎಂದು ಹೇಳುವಷ್ಟೇ ಹಗುರವಾಗಿ ಹೇಳಿದ್ದ. ನಿಮ್ಮವ್ವ ಅದಾಳಲ್ಲ. ಅಮರೇಶ್ ಹೇಳಿದ್ದೂ ಇದೇ, ಮೇಡಂ ಹೊಗಳಿದ್ದೂ ಇದನ್ನೇ. ತಾನು ಯೋಜನೆಯ ಊಟದ ಸಾಲಿನಲ್ಲಿ ಒಳ್ಳೆಯ ಕನ್ನಡದಲ್ಲಿ ಬರೆದದ್ದೂ ಇದನ್ನೇ.

ಅವ್ವ ಎಮ್ಮೆ ಹಿಂಡಲು ಹೋದಳು. ಅಪ್ಪ ಹೋಟೆಲಿನ ಕಡೆ ಎದ್ದು ಹೋದ. ಅಜ್ಜಿ ತೂಕಡಿಸುತ್ತಿದ್ದಳು. ಚಂದನಾ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಒಬ್ಬಳೇ ಕೂತಳು. ಬೆಂಗಳೂರಿಗೆ ಹೋಗಿ, ಎಲ್ಲರ ಮುಂದೆ ನಿಂತು, ಅಲ್ಲೇ ನಿಜ ಹೇಳಿಬಿಟ್ಟರೆ? ಚಪ್ಪಾಳೆ ಬೀಳುತ್ತದೆ. ಎಂಥ ಪ್ರಾಮಾಣಿಕ ಹುಡುಗಿ ಎಂದು ಅದಕ್ಕೂ ಮತ ಬೀಳುತ್ತವೆ. ಆ ಹೊತ್ತಿನಲ್ಲಿ ಇಲ್ಲಿ ಅವ್ವ, ಬಾತ ಕೈಯಲ್ಲಿ, ಯಾರದೋ ಹೊಲದಲ್ಲಿ ಬಗ್ಗಿರುತ್ತಾಳೆ. ಹೋಗದಿದ್ದರೆ ಆ ಕುರ್ಚಿಯಲ್ಲಿ ಮತ್ತೊಬ್ಬ ಹುಡುಗ ಕೂರುತ್ತಾನೆ. ಅದೂ ಅವಳಿಗೆ ಗೊತ್ತಿತ್ತು. ಅದನ್ನು ನೆನೆದು ಅವಳು ಅತ್ತಳು. ತ್ಯಾಗದ ಅಳುವಲ್ಲ ಅದು, ಹೊಟ್ಟೆಯುರಿಯ ಅಳು.

ಆಮೇಲೆ ಮೂಗೊರೆಸಿಕೊಂಡು ಮೇಡಂಗೆ ಬರೆದಳು: ‘ಶಿಬಿರಕ್ಕೆ ಬರುತ್ತಿಲ್ಲ. ನನ್ನ ಕಾರ್ಯಕ್ರಮವನ್ನು ಅತ್ಯುತ್ತಮ ಎಂದು ಸೇರಿಸಬೇಡಿ. ಫೋಟೋದಲ್ಲಿರುವವರು ಸಭೆಗೆ ಬಂದವರಲ್ಲ, ಕೂಲಿ ಸಿಗದ ಅಡುಗೆಯವರು. ಹಾಗೆ ಯೋಜಿಸಿದವಳು ನಾನು. ಇದನ್ನು ಚೌಡಣ್ಣನವರ ಕಚೇರಿಗೂ ಕಳಿಸುತ್ತಿದ್ದೇನೆ.’ ಎರಡೂ ಕಡೆಗೆ ಕಳಿಸಿ, ಫೋನನ್ನು ಕಲ್ಲಿನ ಮೇಲೆ ಬೋರಲು ಹಾಕಿ ಎದ್ದಳು.

ಅವ್ವ ಎಡಗೈಯಲ್ಲಿ ಹಾಲಿನ ತಂಬಿಗೆ ಹಿಡಿದು ಒಳಗೆ ಬರುವಷ್ಟರಲ್ಲಿ ಅವಳು ಗೀತಮ್ಮನ ಬಾಗಿಲಲ್ಲಿದ್ದಳು.

“ನಾಳೆ ನಾ ಬರ್ತೀನಿ. ಶಿವಮ್ಮಗೂ ಪೀರ್ ಬೀಗೂ ಹೇಳಿಬಿಡ್ರಿ, ಎಲ್ಲಾರ ಹೊಲಕ್ಕೂ ನಾನss ಬರಾಕಿ. ನಮ್ಮವ್ವನ್ನ ಯಾರೂ ಕರಿಬ್ಯಾಡ್ರಿ.”

ಗೀತಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ನಿನ್ನ ಬೆಂಗಳೂರು?”

“ಇಲ್ಲ ಅಂತ ಬರದು ಕಳಿಸೀನಿ,” ಎಂದಳು ಚಂದನಾ. “ಎಷ್ಟೊತ್ತಿಗೆ ಬರ್ಲಿ?”