ಬಂಗುಡೆಯ ಕೂಗು

ಆ ಫ್ರೆಂಚ್ ಹಾಡುಗಾರ್ತಿಯ ಆಲ್ಬಮ್ಮನ್ನು ನಾನು ಮೊದಲು ಕೇಳಿದ್ದು ಕುಂದಾಪುರದ ಜೆರಾಕ್ಸ್ ಅಂಗಡಿಯಲ್ಲಿ, ಕೆಲಸದ ನಡುವೆ. ಭಾಷೆ ಒಂದಕ್ಷರ ಗೊತ್ತಿಲ್ಲ. ಹಿಂದೆ ಒಂದು ದಂಡು ಪಿಟೀಲು, ಕಹಳೆ. ಅವಳು ಯಾವುದಕ್ಕೂ ಜಗ್ಗುವವಳಲ್ಲ. ಒಂದು ಹಾಡಿನಲ್ಲಿ ಪಿಸುಗುಟ್ಟುತ್ತಾಳೆ, ಇನ್ನೊಂದರಲ್ಲಿ ಜಗಳಕ್ಕೇ ಬರುತ್ತಾಳೆ. ಐದನೆಯದರಲ್ಲಿ ಮಾತನ್ನೆಲ್ಲ ಬಿಟ್ಟು ಬರೀ ಕಂಠವನ್ನು ಮೇಲಕ್ಕೆಸೆಯುತ್ತಾಳೆ. ನನಗೆ ಹುಚ್ಚೇ ಹಿಡಿಯಿತು.

ಅಮ್ಮ ಮೀನು ಮಾರುವವಳು. ಬಂದರಿನಲ್ಲಿ ಬುಟ್ಟಿ ತುಂಬಿಸಿ, ಬಸ್ಸು ಹಿಡಿದು ವಂಡ್ಸೆಗೆ ಹೋಗಿ, ಗದ್ದೆಯಂಚಿನಲ್ಲಿ ಕೂಗುತ್ತ ನಡೆಯುತ್ತಿದ್ದಳು. ಬೂತಾಯಿ ಮೀನಿಗೆ ಎರಡು ಗಿಡ್ಡ ಕೂಗು. ಬಂಗುಡೆಗೆ ಉದ್ದ ಕೂಗು, ಕೊನೆಗೆ ಬಾಲ ಮೇಲೆ. ದುಬಾರಿ ಅಂಜಲ್ ಇದ್ದರೆ ಕೂಗೇ ಇಲ್ಲ. ಅದನ್ನು ಕೊಳ್ಳುವ ಎರಡು ಮನೆಗಳಿಗೆ ನೇರ ಹೋಗುವುದು. ಕೂಗು ಕೇಳಿಯೇ ಹೆಂಗಸರು ತಕ್ಕ ಪಾತ್ರೆ ಹಿಡಿದು ಹೊರಬರುತ್ತಿದ್ದರು.

ಒಂದು ಸಂಜೆ ಬುಟ್ಟಿ ತೊಳೆಯುತ್ತಿದ್ದ ಅಮ್ಮನ ಕಿವಿಗೆ ನನ್ನ ಮೊಬೈಲಿನಿಂದ ಆ ಐದನೆಯ ಹಾಡು ಬಿತ್ತು.

"ಇವ್ಳ್ ಎಂತ ಮಾರುದ್, ಹೆಣ್ಣೇ?"

"ಎಂತದೂ ಮಾರುದಿಲ್ಲೆ ಅಮ್ಮ, ಹಾಡುದ್."

"ಸುಳ್ಳ್ ಹೇಳ್ಬೇಡ. ಮಾರುದಿಲ್ಲೆ ಅಂದ್ರೆ ಇಷ್ಟ್ ದೂರ ಕೂಗುದ್ ಎಂತಕೆ?"

ನಾನು ಬಿದ್ದು ಬಿದ್ದು ನಕ್ಕೆ. ಅಮ್ಮ ಕೈ ಒರೆಸಿಕೊಂಡು, ನಾಚಿಕೊಂಡು, "ನನ್ ಕೂಗೂ ಇದ್ರಗೆ ಹಿಡಿ ಕಾಂಬ" ಅಂದಳು. ತನಗೆಂದು ಏನನ್ನೂ ಕೇಳಿದವಳಲ್ಲ ಅವಳು. ಮೊಬೈಲಿನಲ್ಲಿ ಜಾಗವಿರಲಿಲ್ಲ, ಆಲ್ಬಮ್ ತುಂಬಿಸಿದ್ದೆ. ಒಂದು ಹಾಡು ಅಳಿಸಿದ್ದರೆ ಸಾಕಿತ್ತು. ಮನಸ್ಸು ಬರಲಿಲ್ಲ. ಆ ಪಿಟೀಲುಗಳ ಪಕ್ಕ ಮೀನಿನ ಕೂಗನ್ನು ಇಡಲು ನಾಚಿಕೆಯೂ ಆಯಿತು. ಈಗ ಅದನ್ನು ಮುಚ್ಚಿಟ್ಟು ಏನು ಬಂತು?

"ನಾಳೆ ಕಾಂಬ" ಎಂದೆ.

ಅದೇ ವರ್ಷ ಅಮ್ಮನ ಗಂಟಲಿಗೆ ಗಡ್ಡೆಯ ಆಪರೇಷನ್ ಆಯಿತು. ಜೀವ ಉಳಿಯಿತು, ಕಂಠ ಹೋಯಿತು. ಈಗ ಪಿಸುಮಾತಷ್ಟೇ. ನನ್ನ ಮೊಬೈಲಿನಲ್ಲಿ ಆ ಫ್ರೆಂಚ್ ಹೆಂಗಸಿನ ಒಂದೊಂದು ಉಸಿರೂ ಇದೆ, ಹೆತ್ತವಳ ಒಂದು ಕೂಗಿಲ್ಲ. ನನ್ನಂಥ ದಡ್ಡಿ ಇನ್ನೊಬ್ಬಳಿರಲಾರಳು.

ಕಳೆದ ಭಾನುವಾರ, ಆಪರೇಷನ್ ಆದಮೇಲೆ ಮೊದಲ ಸಲ, ಅಮ್ಮ ವಂಡ್ಸೆಗೆ ಹೊರಟಳು; ನಾನೂ ಜೊತೆಗೆ ಹೋದೆ. ಬುಟ್ಟಿಯಲ್ಲಿ ಬಂಗುಡೆ. ಗದ್ದೆಯಂಚಿನಲ್ಲಿ ನಿಂತು ಕೂಗಿದೆ. ಒಬ್ಬರೂ ಹೊರಬರಲಿಲ್ಲ.

"ಕೊನಿಗೆ ಮೇಲ್ ಹೋಯ್ಕ್" ಎಂದು ಅಮ್ಮ ಕಿವಿಯ ಬಳಿ ಪಿಸುಗುಟ್ಟಿದಳು.

ಮತ್ತೆ ಕೂಗಿದೆ. ದನಿ ನಡುವೆಯೇ ಒಡೆಯಿತು. ಆಚೆ ಮನೆಯ ಕಣ್ಣು ಮಂಜಾದ ಅಜ್ಜಿ ಖಾಲಿ ಕೈಯಲ್ಲೇ ಅಂಗಳಕ್ಕೆ ಬಂದು ಕೇಳಿದರು: "ನಮ್ಮ ಮೀನಿನವ್ಳ್ ಬರ್ಲಿಲ್ಯಾ ಇವತ್ತ್?"

"ಬಂದೆ, ಬಂದೆ" ಎಂದಳು ಅಮ್ಮ. ಅದು ನನಗೆ ಮಾತ್ರ ಕೇಳಿಸಿತು.