ಭಾಷಣದ ಹಲಗೆಗಳು

ಈಗಷ್ಟೇ ಬೆಳಕು ಹರಿಯುತ್ತಿದೆ. ಕಾಲುಚೀಲ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಬಡಗಿಯೊಬ್ಬರು ಕುಕ್ಕರಗಾಲಲ್ಲಿ ಕೂತು ದೊಡ್ಡ ಮರದ ಪೆಟ್ಟಿಗೆಯ ತಿರುಪು ಬಿಚ್ಚುತ್ತಿದ್ದಾರೆ. ಒಳಗಿರುವುದು ಹೊಲಿಗೆ ಯಂತ್ರ. ಕಳೆದ ವಾರ ಹಡಗು ಹತ್ತಿ ಪರದೇಶಕ್ಕೆ ಹೋಗಬೇಕಿದ್ದದ್ದು ಇವತ್ತು ತನ್ನ ಹಳೆಯ ಜಾಗಕ್ಕೇ ಮರಳುತ್ತಿದೆ.

ಕಾರ್ಖಾನೆಗೆಲ್ಲ ಇವರು ‘ಹಲಗೆ ಮಾಮ’. ಪೆಟ್ಟಿಗೆ ಮಾಡುವುದು ಇವರ ಕೆಲಸ. ಗೇಟಿಗೆ ರಾಜಕೀಯ ನಾಯಕರು ಭಾಷಣಕ್ಕೆ ಬಂದಾಗ ಅದೇ ಹಲಗೆಗಳಲ್ಲಿ ವೇದಿಕೆ ಕಟ್ಟುವುದೂ ಇವರ ಪಾಲಿಗೇ ಬಂದಿದೆ. ಮೂವತ್ತು ವರ್ಷದಲ್ಲಿ ಬಂದುಹೋದವರಿಗೆ ಲೆಕ್ಕವಿಲ್ಲ.

“ಮೊದಲು ಬಂದೋರು ‘ಹೊರಗಿನ ಮಾಲು ಮುಟ್ಟಬೇಡಿ’ ಅಂದ್ರು. ಆಮೇಲಿನೋರು ‘ಸುಂಕ ಹಾಕ್ತೀವಿ’ ಅಂದ್ರು. ಇನ್ನೊಬ್ರು ‘ಒಂದು ಯಂತ್ರ ಹೊರಟ್ರೂ ಲಾರಿ ಚಕ್ರದಡಿ ಮಲಗ್ತೀನಿ’ ಅಂದ್ರು. ಲಾರಿ ಹೋಯ್ತು, ಅವರು ಎಲ್ಲಿ ಮಲಗಿದ್ರೋ ಗೊತ್ತಿಲ್ಲ!”

ಹೇಳಿ ನಗುತ್ತಾರೆ, ಆದರೆ ನಗು ಬೇಗ ಸಪ್ಪಗಾಗುತ್ತದೆ. ಭಾಷಣ ಮುಗಿದರೆ ವೇದಿಕೆ ಮತ್ತೆ ಪೆಟ್ಟಿಗೆಯಾಗುತ್ತಿತ್ತು. ಇಲ್ಲಿನ ಕೆಲಸ ಬಿಟ್ಟುಕೊಡೆವು ಎಂದು ನಾಯಕರು ನಿಂತು ಆಣೆ ಇಟ್ಟ ಹಲಗೆಗಳಲ್ಲೇ ಎರಡು ವಿಭಾಗದ ಯಂತ್ರಗಳು ಕೂಲಿ ಅಗ್ಗವಿರುವ ಪರದೇಶಕ್ಕೆ ಹೊರಟುಹೋದವು. ಉಳಿದದ್ದು ಕಾಲುಚೀಲದ ತುದಿ ಹೊಲಿಯುವ ವಿಭಾಗ. ಇವರ ಹೆಂಡತಿ ದುಡಿಯುವುದು ಅಲ್ಲೇ. ಈ ಸಲ ಅದರ ಸರದಿ ಬಂದಿತ್ತು.

“ಅವಳ ಯಂತ್ರಕ್ಕೆ ನೀನೇ ಪೆಟ್ಟಿಗೆ ಮಾಡು ಅಂದ್ರೆ ಕೈ ಏಳುತ್ತಾ? ಹಾಗಂತ ಆಗಲ್ಲ ಅನ್ನೋಕಾಗುತ್ತಾ? ಮೊದಲೆಲ್ಲ ಮೊಳೆ ಹೊಡೀತಿದ್ದೆ. ಈ ಸಲ ತಿರುಪು ಹಾಕ್ದೆ. ‘ಏನ್ರೀ ಮಾಮ, ಆಮೆ ಆಗ್ಬಿಟ್ರಾ’ ಅಂತ ಸೂಪರ್‌ವೈಸರ್ ರೇಗಿದ್ರು. ಏನ್ಮಾಡ್ಲಿ, ಮೊಳೆ ಹೊಡೆದ್ರೆ ಎಲ್ಲ ಮುಗೀತು ಅನ್ಸೋದು. ತಿರುಪಾದ್ರೆ ಬಿಚ್ಚಬಹುದಲ್ಲ!”

ಬಿಚ್ಚುವ ದಿನ ಬಂದೇ ಬಂತು. ಪರದೇಶದಲ್ಲಿ ಅಲ್ಲಿನವರ ಕೈಯಲ್ಲಿ ಮಾದರಿಗೆಂದು ಹೊಲಿಸಿ ನೋಡಿದ ಕಾಲುಚೀಲಗಳು ಎರಡೇ ಒಗೆತಕ್ಕೆ ತುದಿಯಲ್ಲಿ ಬಾಯಿಬಿಟ್ಟವಂತೆ. ಹಳೆಯ ಕೈಗಳೇ ಬೇಕೆಂದು ಖರೀದಿದಾರರು ಪಟ್ಟು ಹಿಡಿದರು, ಮಾಲೀಕರು ಸಾಗಣೆ ನಿಲ್ಲಿಸಿದರು. ಇದೆಲ್ಲ ತಮ್ಮ ಭಾಷಣದ ಫಲವೆಂದು ನಾಯಕರು ಹೇಳಿಕೊಳ್ಳುತ್ತಿದ್ದಾರೆ. ಮಾಮನ ತಕರಾರೇನೂ ಇಲ್ಲ.

“ಸುದ್ದಿ ಕೇಳಿ ನಮ್ಮನೆಯವಳು ‘ಬೆಳಗ್ಗೆ ಬೇಗ ಎಬ್ಬಿಸಿ’ ಅಂದ್ಲು, ಅಷ್ಟೇ. ಮಲಗಿದ್ದೇ ಗೊರಕೆ. ಆ ಗೊರಕೆ ಕೇಳಿ ಎಷ್ಟು ದಿನ ಆಗಿತ್ತು ಅಂತೀರಿ! ಖುಷಿಗೆ ನನಗೇ ನಿದ್ದೆ ಬರಲಿಲ್ಲ.”

ಕೊನೆಯ ತಿರುಪೂ ಕಳಚುತ್ತದೆ. ಯಂತ್ರದ ಮೇಲೆ ಒಂದು ಗೀರೂ ಇಲ್ಲ. ಹಲಗೆಗಳನ್ನು ಮಾಮ ಈ ಸಲ ಮುಂದಿನ ವೇದಿಕೆಗೆಂದು ಗೋಡೆಗೆ ಒರಗಿಸುವುದಿಲ್ಲ, ಅಳತೆ ಹಿಡಿದು ಗುರುತು ಹಾಕುತ್ತಾರೆ. ಹೊಲಿಗೆಯವರು ಇಷ್ಟು ವರ್ಷ ನಿಂತೇ ಟೀ ಕುಡಿದಿದ್ದಾರೆ. ಅವರಿಗೊಂದು ಉದ್ದನೆಯ ಬೆಂಚು ಮಾಡಬೇಕೆಂಬುದೇ ಇವರ ಆಸೆ.

ನಾಯಕರು ಮತ್ತೆ ಬಂದರೆ ವೇದಿಕೆಗೆ ಏನು ಮಾಡುತ್ತೀರಿ ಎಂದರೆ ಗರಗಸ ಕೈಗೆತ್ತಿಕೊಳ್ಳುತ್ತಾರೆ.

“ಬರ್ಲಿ ಬಿಡಿ. ನಮ್ಮೋರು ಸ್ವಲ್ಪ ಸರಿದು ಕೂತು ಜಾಗ ಕೊಡ್ತಾರೆ.”